ದೇವರ ಮೊಳೆ

ಅಂಗೈ ಮೇಲೆ ಲಿಂಗವಿತ್ತು, ದೃಷ್ಟಿ ಮಾತ್ರ ಅಲ್ಲಿರಲಿಲ್ಲ. ಎಡಗೈಯನ್ನು ಎದೆಯ ಎತ್ತರಕ್ಕೆ ಹಿಡಿದು, ರೆಪ್ಪೆ ಮಿಟುಕಿಸದೆ ನೋಡಬೇಕು. ನೋಡುತ್ತ ನೋಡುತ್ತ, ನೋಡುವವಳೂ ಕಾಣುತ್ತಿರುವುದೂ ಬೇರೆಯಲ್ಲ ಎನ್ನುವಷ್ಟು ಹತ್ತಿರವಾಗಬೇಕು ಎಂದು ಅಜ್ಜಿ ಚಿಕ್ಕಂದಿನಲ್ಲೇ ಶಿವರಂಜನಿಗೆ ಹೇಳಿಕೊಟ್ಟಿದ್ದಳು. ಈ ಬೆಳಿಗ್ಗೆ ಅವಳಿಗೆ ಹತ್ತಿರವಾಗಿದ್ದು ವಿಭೂತಿಗಟ್ಟಿಯ ಪಕ್ಕದಲ್ಲಿ ಬೋರಲು ಹಾಕಿದ್ದ ಫೋನು. ಅದು ನೆಲದ ಮೇಲೆ ಗುಂಯ್ ಎಂದಾಗಲೆಲ್ಲ ಅಂಗೈ ಅದುರಿ, ಲಿಂಗದ ಮೇಲಿಟ್ಟ ಬಿಲ್ವದೆಲೆ ಜರುಗುತ್ತಿತ್ತು. ಫೋನಿನೊಳಗೆ ಮೂವರು ಕಾಯುತ್ತಿದ್ದರು. ಹೆಸರು ಹೇಳಿದರೆ ಅವಳೂರಾದ ಹದಿನಾರಿನ ಟೀ ಅಂಗಡಿಯವರಿಗೂ ಗೊತ್ತಾಗುವಂಥ ದೊಡ್ಡ ಕಂಪನಿಯೊಂದು, ಇವತ್ತು ಸಂಜೆಯೊಳಗೆ ಒಪ್ಪಿಗೆ ತಿಳಿಸಬೇಕೆಂದು ಬಹಳ ಮರ್ಯಾದೆಯಿಂದ ಕೇಳಿತ್ತು. ಮೈಸೂರಿನಲ್ಲಿ ರೈತರಿಗಾಗಿ ಸ್ಟಾರ್ಟಪ್ ನಡೆಸುತ್ತಿದ್ದ ಅಮೃತೇಶ್, ಕಾಲೇಜಿನಲ್ಲಿ ಅವಳಿಗಿಂತ ಮುಂದಿದ್ದವನು, 'ಬಾರಮ್ಮ, ನಿನಗೇ ಅಂತ ಒಂದು ಕುರ್ಚಿ ಖಾಲಿ ಇಟ್ಟಿದೀನಿ' ಎಂದು ಬರೆದಿದ್ದ. ಅವಳ ಜೊತೆಯಲ್ಲೇ ಓದಿದ ದಿವ್ಯ ಬರೆದದ್ದು ಕೆಲಸದ ಮಾತು: 'ಆಡಿಟರ್ ಊಟ ಆದ್ಮೇಲೆ ಸಿಗ್ತಾರಂತೆ. ಆಧಾರ್, ಪ್ಯಾನ್, ಫೋಟೋ ತಗೊಂಡು ನರಸೀಪುರಕ್ಕೆ ಬಾ. ಇವತ್ತು ನಮ್ಮ ಕಂಪನಿ ಹುಟ್ಟುತ್ತೆ ಕಣೆ.' ಶಿವರಂಜನಿ ಕಣ್ಣು ಮುಚ್ಚಿ ನಂಜುಂಡೇಶ್ವರನನ್ನು ನೆನೆದಳು. ದಾರಿ ತೋರಿಸಪ್ಪ ಎನ್ನಲು ಹೊರಟ ಮಾತು ನಾಲಿಗೆಗೆ ಬರಲಿಲ್ಲ. ವಿಷವನ್ನು ನುಂಗದೆ ಉಗುಳದೆ ಗಂಟಲಲ್ಲೇ ಇಟ್ಟುಕೊಂಡು ಕೂತಿರುವವನನ್ನು ದಾರಿ ಕೇಳುವುದಾದರೂ ಹೇಗೆ ಎಂದುಕೊಂಡು, ಲಿಂಗವನ್ನು ಮತ್ತೆ ವಸ್ತ್ರದಲ್ಲಿ ಸುತ್ತಿ ಕೊರಳಿಗೆ ಕಟ್ಟಿಕೊಂಡಳು.

ಪೂಜೆಗೆ ಕೂರುವ ಮೊದಲು ಅವಳು ರೇಷ್ಮೆ ಹುಳದ ಮನೆಯನ್ನು ಗುಡಿಸಿದ್ದಳು. ಕಳೆದ ಬೆಳೆ ಹೋದ ಮೇಲೆ ಬೀಗ ಹಾಕಿದ್ದ ಮನೆ. ಅಪ್ಪ ಸಿದ್ದಮಲ್ಲಪ್ಪನವರು ಬೀಗವನ್ನು ಇಷ್ಟು ದಿನ ಮುಟ್ಟಿರಲಿಲ್ಲ. ಇನ್ನು ಮುಟ್ಟದಿದ್ದರೆ ಮುಂದಿನ ಬೆಳೆಯೂ ಇಲ್ಲ ಎಂದು ಇವತ್ತು ತೆಗೆದರು. ಆಳು ಬರಲಿಲ್ಲ. ನೀಲಿ ವೇಲನ್ನು ಮೂಗು ಬಾಯಿಗೆ ಸುತ್ತಿಕೊಂಡು ಅವಳೇ ಪೊರಕೆ ಹಿಡಿದಳು. ತಟ್ಟೆಗಳ ಕೆಳಗೆ ಒಣಗಿದ ಹುಳಗಳು ಸಿಪ್ಪೆಯಂತೆ ಅಂಟಿಕೊಂಡಿದ್ದವು. ಹಾಲುತೊಂಡೆ ರೋಗ. ಹುಳ ಊದಿಕೊಂಡು ಮಿರುಗುತ್ತದೆ, ತಟ್ಟೆಯ ಅಂಚಿಗೆ ಬಂದು ಸುಮ್ಮನೆ ಸುತ್ತುತ್ತದೆ, ಮುಟ್ಟಿದರೆ ಹಾಲಿನಂಥದು ಸುರಿಯುತ್ತದೆ. ಕಣ್ಣಿಗೆ ಕಾಣುವ ಹೊತ್ತಿಗೆ ಕಾಲ ಮೀರಿರುತ್ತದೆ. ಆದರೆ ಕಾಣುವುದಕ್ಕೆ ಮೊದಲು ಅದು ಕೇಳಿಸುತ್ತದೆ ಎಂದು ದಿವ್ಯ ಕಂಡುಹಿಡಿದಿದ್ದಳು. ಬಲಿತ ಹುಳಗಳು ಸೊಪ್ಪು ಮೇಯುವಾಗ ಹಂಚಿನ ಮೇಲೆ ಮಳೆ ಬಿದ್ದ ಹಾಗೆ ಸದ್ದಾಗುತ್ತದೆ. ಪೊರೆ ಬಿಡುವ ಮುಂಚೆ, ಊರವರು ಜ್ವರ ಎನ್ನುವ ಆ ಹೊತ್ತಿನಲ್ಲಿ, ಹುಳಗಳೆಲ್ಲ ಒಟ್ಟಿಗೆ ಮೇವು ಬಿಟ್ಟು, ತಲೆ ಎತ್ತಿ, ಧ್ಯಾನಕ್ಕೆ ಕೂತಂತೆ ಮೌನವಾಗುತ್ತವೆ. ರೋಗ ಬಂದರೂ ಮೌನವೇ, ಆದರೆ ಅದು ಒಂದು ಮೂಲೆಯಿಂದ ಶುರುವಾಗಿ ಮೆಲ್ಲಗೆ ಹರಡುವ ಮೌನ. ಈ ಎರಡನ್ನೂ ಬೇರೆ ಮಾಡಿ ಫೋನಿಗೆ ತಿಳಿಸುವ, ಅಂಗೈಯಗಲದ ಡಬ್ಬಿಯೊಂದನ್ನು ದಿವ್ಯ ಮಾಡಿದ್ದಳು. ಶಿವರಂಜನಿ ಅದಕ್ಕೆ ಬೇಕಾದ ಲೆಕ್ಕವನ್ನೆಲ್ಲ ಬರೆದಿದ್ದಳು. ಆ ಡಬ್ಬಿ ಈಗಲೂ ಬಾಗಿಲ ಪಕ್ಕದಲ್ಲೇ ನೇತಾಡುತ್ತಿತ್ತು. ಅವಳು ಅದನ್ನು ಬಿಚ್ಚಿ ಕಿಟಕಿಯ ಮೇಲಿಟ್ಟಳು. ಒಳಗೋಡೆಯ ಕಡೆ ನೋಡಲಿಲ್ಲ.

ಸ್ನಾನ ಮಾಡಿ, ಪೂಜೆ ಮುಗಿಸಿ, ಒಗೆದ ಚೂಡಿದಾರ ಹಾಕಿಕೊಂಡಾಗ ಅದಕ್ಕೆ ಹೊಂದುವ ವೇಲು ಆ ನೀಲಿಯದೇ ಆಗಿತ್ತು. ಎರಡು ಸಲ ಕೊಡವಿ ಹೆಗಲಿಗೆ ಹಾಕಿಕೊಂಡಳು. ಅವ್ವ ಇಂದ್ರಾಣಿ ಹೊಸಿಲ ಹತ್ತಿರ ನಿಂತು ಕೇಳಿದಳು.

"ನರಸೀಪುರಕ್ಕಾ? ಆ ಹುಡ್ಗಿ ಮನೇಗಾ?"

"ಆಡಿಟರ್ ಹತ್ರ ಅವ್ವ."

"ಉಂಡ್ಕೊಂಡೇ ಹೋಗು. ಅಲ್ಲಿ ಇಲ್ಲಿ ಯಾಕೆ."

ಜಗಲಿಯ ಮೇಲಿದ್ದ ಅಪ್ಪ ತಲೆ ಎತ್ತದೆ ಹೇಳಿದರು. "ಅವ್ರು ಕರ್ದು ಕೂರಿಸ್ತೀವಿ ಅಂತಾರೆ, ನೀನು ಡಬ್ಬಿ ಮಾರ್ತೀನಿ ಅಂತೀಯ. ನಂಗೇನು ಗೊತ್ತಾದದು ಮಗ, ನೀನು ಓದಿರೋಳು. ಆದ್ರೆ ಆ ಡಬ್ಬಿ ಪಕ್ಕದಲ್ಲೇ ಹುಳ ಸತ್ತಿದ್ದ ನಾನು ಕಣ್ಣಾರೆ ನೋಡಿವ್ನಿ." ಅವರ ಮಾತಿನಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ಅವಳು ಉತ್ತರ ಕೊಡಬಹುದಿತ್ತು.

ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತು, ಗದ್ದೆ ಬಯಲಿನ ಮೇಲೆ ಬೆಳ್ಳಕ್ಕಿಗಳು ಎದ್ದು ಕೂರುವುದನ್ನು ನೋಡುತ್ತಿದ್ದಾಗ ಅಮೃತೇಶ್ ಫೋನು ಮಾಡಿದ. "ಏನಮ್ಮ ಫೌಂಡರ್ರು, ಇನ್ನೂ ಬಸ್ಸಲ್ಲೇ ಓಡಾಟ?" ಎಂದು ನಕ್ಕ. ಅವಳೂ ನಕ್ಕಳು. ಅವನ ಹತ್ತಿರ ದುಡ್ಡು ಹಾಕುವವರಿದ್ದಾರಂತೆ, ಡಬ್ಬಿಯನ್ನು ಅವನ ಆ್ಯಪಿಗೆ ಸೇರಿಸಿಬಿಟ್ಟರೆ ಎಲ್ಲರ ತಲೆನೋವೂ ತಪ್ಪುತ್ತದಂತೆ. "ದಿವ್ಯಾನೂ ಬರ್ಲಿ, ನಾನೇನು ಬೇಡ ಅಂದ್ನಾ? ಕೇಳಿದೀನಿ ಅವಳ್ನ, ಯೋಚನೆ ಮಾಡ್ತೀನಿ ಅಂದ್ಳು. ಫೀಲ್ಡಿಗೆ ಒಳ್ಳೆ ಕೈ ಕಣಮ್ಮ ಅದು. ಮೀಟಿಂಗಿಗೆ ನೀನು, ಹಳ್ಳಿಗೆ ಅವಳು. ಏನಂತೀಯ?" ಅವಳು ಮುಂದಿನ ಸೀಟಿನ ಹೆಂಗಸಿನ ಜಡೆಯಲ್ಲಿದ್ದ ಕನಕಾಂಬರ ಬಾಡುತ್ತಿರುವುದನ್ನು ನೋಡುತ್ತ 'ಹೂಂ' ಎಂದಳು. ಆ ಹೂಂ ಒಪ್ಪಿಗೆಯೋ ಕೇಳಿಸಿಕೊಂಡೆ ಎನ್ನುವುದೋ ಅವಳಿಗೇ ಸ್ಪಷ್ಟವಿರಲಿಲ್ಲ. ಅವಳ ಹೂಂಗಳೆಲ್ಲ ಹಾಗೇ. ಡಬ್ಬಿ ಕಟ್ಟಿದ ದಿನವೂ ಅವಳು ಹೇಳಿದ್ದು ಒಂದು ಹೂಂ.

ಅವತ್ತು ದಿವ್ಯ ಡಬ್ಬಿ ತಂದು ಹುಳದ ಮನೆಯ ಜಾಲರಿ ಕಿಟಕಿಯ ಆಚೆ ನಿಂತಿದ್ದಳು. ಹೊರಗಿನವರು ಒಳಕ್ಕೆ ಬರಬಾರದು, ಹುಳಕ್ಕೆ ಸೋಂಕಾಗುತ್ತದೆ ಎಂದು ಅವ್ವ ಹೇಳಿದ್ದಳು. ಸರಿಯಾದ ಮಾತೇ. ಹುಳ ಸಾಕುವ ಮನೆಗಳಲ್ಲೆಲ್ಲ ಇರುವ ಕಟ್ಟು. ದಿವ್ಯಳ ಮನೆಯಲ್ಲೂ ಹುಳ ಸಾಕುತ್ತಾರೆ, ಅವಳ ಅವ್ವನೂ ಅದನ್ನೇ ಹೇಳುತ್ತಾಳೆ. ದಿವ್ಯ ನಗುತ್ತಲೇ ಹಿಂದೆ ಸರಿದು, ಕಿಟಕಿಯಿಂದ ವೈರುಗಳನ್ನು ಒಂದೊಂದಾಗಿ ತೂರಿಸಿದಳು. "ಒಳಗೋಡೆ ಕಡೆ ಕಟ್ಟು ರಂಜು, ಗಾಳಿ ಆಡದ ಮೂಲೆ ನೋಡು. ಅಲ್ಲೇ ಮೊದಲು ಶುರುವಾಗೋದು." ಒಳಗೋಡೆಯಲ್ಲಿ ಒಂದೇ ಒಂದು ಮೊಳೆಯಿತ್ತು. ಅದರಲ್ಲಿ ಮಾದಪ್ಪನ ಪಟ. ಅದಕ್ಕೆ ಪ್ರತಿ ಬೆಳೆಯ ಮೊದಲ ದಿನ ವಿಭೂತಿ ಹಚ್ಚಿ ಹುಳವನ್ನು ತಟ್ಟೆಗೆ ಇಳಿಸುವುದು ಮನೆಯ ರೂಢಿ. ಪಟದ ದಾರಕ್ಕೆ ಡಬ್ಬಿಯನ್ನೂ ಸಿಕ್ಕಿಸಲು ಅವಳು ಕೈ ಎತ್ತಿದಾಗ ಅವ್ವ ಪಿಸುಮಾತಿನಲ್ಲಿ ಹೇಳಿದಳು: "ದೇವ್ರ ಮೊಳೆಗೆ ಅದ್ಯಾಕೆ ಮಗ. ಯಾರ್ಯಾರೋ ಕೈಲಿ ಮುಟ್ಟಿರೋದು. ಬಾಗ್ಲ ಹತ್ರ ಕಟ್ಟು, ಕೇಳೋದಾದ್ರೆ ಎಲ್ಲಿದ್ರೂ ಕೇಳ್ತದೆ." ಯಾರ್ಯಾರೋ ಎಂದರೆ ಯಾರು ಎಂದು ಶಿವರಂಜನಿ ಕೇಳಬಹುದಿತ್ತು. ಕೇಳಿದ್ದರೆ ಕಿಟಕಿಯ ಆಚೆ ಕೇಳಿಸುತ್ತಿತ್ತು. ದಿವ್ಯಳಿಗೆ ನೋವಾಗದಿರಲಿ ಎಂದೇ ಸುಮ್ಮನಾದೆ ಎಂದು ಆಮೇಲೆ ಎಷ್ಟೋ ಸಲ ಅಂದುಕೊಂಡಿದ್ದಾಳೆ. "ಕಟ್ಟಿದ್ಯಾ?" ಎಂದು ಆಚೆಯಿಂದ ದಿವ್ಯ ಕೂಗಿದಳು. ಬಾಗಿಲ ಪಕ್ಕ ನಿಂತು, "ಹೂಂ" ಎಂದಳು. ಅಷ್ಟರಲ್ಲಿ ಸೋದರಮಾವ ಬಂದವರು, ಮಠದಿಂದ ಹಾಗೇ ಬಂದವರು, ಚಪ್ಪಲಿ ಕಾಲಿನಲ್ಲೇ ಒಳಕ್ಕೆ ನುಗ್ಗಿ, ತಟ್ಟೆಯಿಂದ ಒಂದು ಹುಳ ಎತ್ತಿ ಅಂಗೈಯಲ್ಲಿ ಹೊರಳಿಸಿ, "ಚೆನ್ನಾಗ್ ಬಂದವೆ ಅಕ್ಕ ಈ ಸಲ" ಎಂದರು. ಅವ್ವ ಸೋಂಕಿನ ಮಾತೆತ್ತಲಿಲ್ಲ, ಕಾಫಿ ತರಲು ಹೋದಳು. ಜಾಲರಿಯ ಆಚೆ ದಿವ್ಯ ಆ ಚಪ್ಪಲಿಗಳನ್ನು ನೋಡಿದಳು. ಅವಳು ನೋಡಿದ್ದನ್ನು ಶಿವರಂಜನಿ ನೋಡಿದಳು. ಇಬ್ಬರೂ ವೈರಿನ ಬಗ್ಗೆ ಮಾತಾಡಿದರು.

ರೋಗ ಒಳಗೋಡೆಯ ತಟ್ಟೆಯಿಂದಲೇ ಶುರುವಾಯಿತು. ಬಾಗಿಲ ಬಳಿಯ ಡಬ್ಬಿಗೆ ಬಾಗಿಲ ಬಳಿಯ ಹುಳಗಳು ಮೇಯುವ ಸದ್ದು ಕೊನೆಯವರೆಗೂ ಕೇಳುತ್ತಿತ್ತು. ಬೆಳೆಯೆಲ್ಲ ಗುಂಡಿಗೆ ಹೋಗಿ ಮೇಲೆ ಸುಣ್ಣ ಬಿದ್ದ ದಿನ ದಿವ್ಯ ಫೋನಿನಲ್ಲಿ ಅತ್ತಳು. ಸಿದ್ದಮಲ್ಲಪ್ಪನವರ ಕ್ಷಮೆ ಕೇಳಬೇಕು ಎಂದಳು. ಆವತ್ತಿನಿಂದ ಡಬ್ಬಿ ಕಳಿಸಿದ್ದ ಸದ್ದುಗಳನ್ನೆಲ್ಲ ಮತ್ತೆ ಮತ್ತೆ ಕೇಳುತ್ತ, ತನ್ನ ತಪ್ಪು ಎಲ್ಲಿದೆ ಎಂದು ಹುಡುಕುತ್ತಿದ್ದಾಳೆ. ಕಿವಿಗೆ ಅದನ್ನು ಹಾಕಿಕೊಂಡೇ ಮಲಗುತ್ತಾಳಂತೆ. ಡಬ್ಬಿ ಬಾಗಿಲ ಬಳಿ ಇತ್ತು ಎಂದು ಶಿವರಂಜನಿ ಹೇಳಲಿಲ್ಲ. ದಿವ್ಯಳಿಗೆ ಹೇಳದ್ದನ್ನು ದೊಡ್ಡ ಕಂಪನಿಯ ಇಂಟರ್‌ವ್ಯೂನಲ್ಲಿ ಮಾತ್ರ ಹೇಳಿದಳು. ಪರದೆಯ ಮೇಲಿದ್ದ ನಡುವಯಸ್ಸಿನ ಹೆಂಗಸು, ನಿಮ್ಮದೊಂದು ಸೋಲಿನ ಬಗ್ಗೆ ಹೇಳಿ ಎಂದು ಕೇಳಿದಾಗ ಅದು ಒಂದು ಕಡೆಯೂ ತಡವರಿಸದೆ ಹೊರಗೆ ಬಂತು. ಯಂತ್ರ ಸರಿಯಿತ್ತು, ಅದನ್ನಿಟ್ಟ ಜಾಗ ತಪ್ಪಿತ್ತು, ತಪ್ಪು ನನ್ನದು, ಸ್ಥಳೀಯ ನಂಬಿಕೆಗಳನ್ನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ, ಅದರಿಂದ ಇಂತಿಂಥದ್ದು ಕಲಿತೆ. ಆ ಹೆಂಗಸು ಬರೆದುಕೊಳ್ಳುವುದನ್ನು ನಿಲ್ಲಿಸಿ ಮೆಚ್ಚುಗೆಯಿಂದ ನೋಡಿದಳು. ತಪ್ಪನ್ನು ಇಷ್ಟು ನೇರವಾಗಿ ಒಪ್ಪಿಕೊಳ್ಳುವವರು ಅಪರೂಪ ಎಂದಳು. ಕರೆ ಮುಗಿದ ಮೇಲೆ ಶಿವರಂಜನಿಗೆ ಎದೆ ಹಗುರಾಗಿತ್ತು, ಕಪಿಲೆಯಲ್ಲಿ ಮುಳುಗಿ ಎದ್ದ ಹಾಗೆ. ಆ ಹಗುರ ನೆನಪಾದಾಗಲೆಲ್ಲ ಈಗ ಅವಳ ಮೈ ಮುದುಡುತ್ತದೆ.

ನರಸೀಪುರದ ಬಸ್ ಸ್ಟ್ಯಾಂಡಿನಲ್ಲಿ ದಿವ್ಯ ಸ್ಕೂಟರಿನ ಮೇಲೆ ಕೂತು ಕಾಯುತ್ತಿದ್ದಳು. ಸೊರಗಿದ್ದಳು, ಕಣ್ಣಿನ ಕೆಳಗೆ ಕಪ್ಪಾಗಿತ್ತು, ಆದರೆ ಕಿವಿಗೆ ಹೊಸ ಜುಮಕಿ ಹಾಕಿದ್ದಳು. "ಹತ್ತು ಮಾರಾಯ್ತಿ. ಆಡಿಟರ್ ಬರೋಷ್ಟೊತ್ತಿಗೆ ಊಟ ಮಾಡ್ಕೊಂಡು ಬರಣ. ಅವ್ವ ಕೋಳಿ ಮಾಡಲ್ಲ ಇವತ್ತು, ಹೆದರ್ಕೋಬೇಡ. ನಿನಗೇ ಅಂತ ಅವರೆಕಾಳು ಹಿದುಕಿದೆ." ಮುಡುಕುತೊರೆಯ ದಾರಿಯಲ್ಲಿ, ಕಬ್ಬಿನ ಗದ್ದೆಗಳ ನಡುವೆ ಗಾಳಿಗೆ ಕಿರುಚುತ್ತ ದಿವ್ಯ ಹೇಳಿದಳು: "ಅಮೃತೇಶ್ ಸರ್‌ಗೆ ಬರಲ್ಲ ಅಂದ್ಬಿಟ್ಟೆ ಬೆಳಿಗ್ಗೆ. ಏನೋ ನೀನಿದೀಯ ಅಂತ ಧೈರ್ಯ." ಶಿವರಂಜನಿ ಮುಂದೆ ಕೂತವಳ ಬೆನ್ನನ್ನು ನೋಡುತ್ತಿದ್ದಳು. ರವಿಕೆಯ ಕೆಳಗೆ ಬೆನ್ನುಮೂಳೆ ಎದ್ದು ಕಾಣುವಷ್ಟು ಇವಳು ಯಾವಾಗ ಇಳಿದುಹೋದಳು? ಚೀಲದೊಳಗೆ ಫೋನು ಒಮ್ಮೆ ಮಿಡುಕಿತು. ದೊಡ್ಡ ಕಂಪನಿ ಮತ್ತೊಮ್ಮೆ ಮರ್ಯಾದೆಯಿಂದ ನೆನಪಿಸುತ್ತಿತ್ತು.

ಜವರಮ್ಮ, ದಿವ್ಯಳ ಅವ್ವ, ಬಾಗಿಲಲ್ಲೇ ನಿಂತಿದ್ದಳು. ಸೆರಗಿಗೆ ಕೈ ಒರೆಸಿಕೊಂಡು, "ಬನ್ನಿ ಕಣವ್ವ, ಬನ್ನಿ. ಬಿಸ್ಲಲ್ಲಿ ಬಂದ್ರಿ" ಎಂದಳು. ತನ್ನ ಅವ್ವ ದಿವ್ಯಳನ್ನು ಒಂದು ದಿನವೂ 'ಬನ್ನಿ' ಎಂದಿಲ್ಲ ಎನ್ನುವುದು ಶಿವರಂಜನಿಗೆ ಅಲ್ಲೇ ಹೊಳೆಯಿತು. ಊಟವಾಯಿತು. ಬುದ್ಧನ ಪಟದ ಕೆಳಗೆ ಚಾಪೆ ಹಾಸಿ ಬಡಿಸಿದರು. ಅವಳು ಬೇಕೆಂದೇ ಎರಡು ಸಲ ಸಾರು ಹಾಕಿಸಿಕೊಂಡಳು, ಎರಡನೆಯ ಸಲ ತಾನು ಹಾಕಿಸಿಕೊಳ್ಳುವುದನ್ನು ತಾನೇ ನೋಡಿಕೊಂಡಳು. ಕೈ ತೊಳೆದ ಮೇಲೆ ಜವರಮ್ಮ ಹೇಳಿದಳು:

"ಉಳ ನೋಡಿ ಬನ್ನಿ. ನಾಕ್ನೇ ಜ್ವರ ಎದ್ದವೆ, ಒಳ್ಳೆ ಮೇಯ್ತಾವೆ. ಯಾರ್ನೂ ಬುಡಕ್ಕಿಲ್ಲ ನಾನು ಒಳೀಕೆ. ನೀವು ನಮ್ ಮಗ ಇದ್ದಂಗೆ."

ಹುಳದ ಮನೆಯ ಬಾಗಿಲಲ್ಲಿ ಬ್ಲೀಚಿಂಗ್ ಪುಡಿ ಕಲಸಿದ ನೀರಿನ ಬೋಗುಣಿ ಇತ್ತು. ಚಪ್ಪಲಿ ಬಿಟ್ಟು ಅದರಲ್ಲಿ ಕಾಲು ಅದ್ದಿದಳು, ಕೈ ಅದ್ದಿದಳು. ಬಗ್ಗಿದಾಗ ವೇಲಿನ ತುದಿ ಹೆಗಲಿನಿಂದ ಜಾರಿ ಮುಖಕ್ಕೆ ಬಂತು. ಧೂಳಿನ ವಾಸನೆ. ಬೆಳಗಿನ ಹುಳದ ಮನೆಯ, ತಟ್ಟೆಯಡಿಯ ಸಿಪ್ಪೆಗಳ ವಾಸನೆ. ಅವಳು ಅಲ್ಲೇ ನಿಂತಳು. ರೋಗ ಬಿದ್ದ ಮನೆಯವರು ಇನ್ನೊಬ್ಬರ ಹುಳದ ಮನೆಯ ಹೊಸಿಲು ದಾಟಬಾರದು ಎನ್ನುವುದು ಚಿಕ್ಕ ಮಕ್ಕಳಿಗೂ ಗೊತ್ತು. ಬೇಡ ಜವರಮ್ಮ, ನಾನು ಇಲ್ಲೇ ನಿಲ್ಲುತ್ತೇನೆ ಎಂದರೆ ಮುಗಿಯುತ್ತಿತ್ತು. ಮುಗಿಯುತ್ತಿತ್ತೇ? ಹದಿನಾರಿನ ಸಿದ್ದಮಲ್ಲಪ್ಪನವರ ಮಗಳು ನಮ್ಮ ಮನೆಯ ಹೊಸಿಲಲ್ಲಿ ಹಿಂದೆ ಸರಿದಳು ಎನ್ನುವುದಷ್ಟೇ ಆಗ ಕಾಣುತ್ತಿತ್ತು. ಇಲ್ಲ, ಇದು ಜಾತಿಯಲ್ಲ, ಸೋಂಕು ಎಂದರೆ, ಅದೇ ಮಾತನ್ನು ತನ್ನ ಅವ್ವ ಜಾಲರಿಯ ಈಚೆ ನಿಂತು ಹೇಳಿದ್ದಳಲ್ಲ. ಜವರಮ್ಮ ಬಾಗಿಲು ಹಿಡಿದು ಕಾಯುತ್ತಿದ್ದಳು. ದಿವ್ಯ ಅವಳ ಮುಖವನ್ನೇ ನೋಡುತ್ತಿದ್ದಳು, ಆವತ್ತು ಚಪ್ಪಲಿಗಳನ್ನು ನೋಡಿದ ಹಾಗೆ. ಶಿವರಂಜನಿ ವೇಲನ್ನು ಕೊರಳಿಗೆ ಬಿಗಿಯಾಗಿ ಸುತ್ತಿಕೊಂಡು ಒಳಗೆ ಹೋದಳು.

ಒಳಗೆ ಮಳೆಯಾಗುತ್ತಿತ್ತು. ತಂಪು ಕತ್ತಲೆಯಲ್ಲಿ ಸಾವಿರ ಬಾಯಿಗಳು ಸೊಪ್ಪು ಅರೆಯುವ ಸದ್ದು. ಒಳಗೋಡೆಯ ಮೂಲೆಯಲ್ಲಿ, ಗಾಳಿ ಆಡದ ಜಾಗದಲ್ಲಿ, ದಿವ್ಯ ಇನ್ನೊಂದು ಡಬ್ಬಿ ಕಟ್ಟಿದ್ದಳು. ಅದರ ಹಸಿರು ದೀಪ ಸಣ್ಣಗೆ ಉರಿಯುತ್ತಿತ್ತು. "ಇದ್ರಲ್ಲೂ ತಪ್ಪಿದೆ ಅನ್ಸುತ್ತೆ, ಎಲ್ಲಿ ಅಂತ ಸಿಗ್ತಿಲ್ಲ" ಎಂದಳು ದಿವ್ಯ. "ಬನ್ನಿ ಹತ್ರ" ಎಂದು ಜವರಮ್ಮ ತಟ್ಟೆ ಎಳೆದು ತೋರಿಸಿದಳು. ಅವಳು ಬಗ್ಗಿ ನೋಡಿದಳು. ಕೈಯಿಂದ ಮುಟ್ಟಲಿಲ್ಲ. ಎದ್ದು ನಿಂತಾಗ ವೇಲಿನ ಅಂಚಿನಲ್ಲಿ ಒಂದು ತುಂಡು ಸೊಪ್ಪು ಸಿಕ್ಕಿಕೊಂಡಿತ್ತು.

ಆಡಿಟರ್ ಕಚೇರಿಯ ಫ್ಯಾನು ಕಿರುಗುಟ್ಟುತ್ತಿತ್ತು. ಅವರು ಹಾಳೆಗಳನ್ನು ಮುಂದಿಟ್ಟು, "ಪಾಲು ಸಮಾನ ತಾನೇ?" ಎಂದು ಕೇಳಿದರು. ದಿವ್ಯ ತಲೆ ತಗ್ಗಿಸಿ ಹೇಳಿದಳು: "ಇಲ್ಲ ಸಾ. ಅವಳದು ಜಾಸ್ತಿ ಇರ್ಲಿ. ಹೆಸರೂ ಅವಳದೇ ಮೊದಲು." ಆಮೇಲೆ ಗೆಳತಿಯ ಕಡೆ ತಿರುಗಿ ಮೆಲ್ಲಗೆ, "ನನ್ನ ಡಬ್ಬಿ ನಿಮ್ಮಪ್ಪನ ಬೆಳೆ ತೆಗೀತು ರಂಜು. ಅದು ಸರಿಹೋಗೋವರ್ಗೂ ನಾನು ಸಮ ಅಂತ ಹೇಗೆ ಕೂರ್ಲಿ?" ಎಂದಳು. ಹೇಳಲು ಇದಕ್ಕಿಂತ ಹದವಾದ ಗಳಿಗೆ ಇನ್ನೊಂದು ಬರುವುದಿಲ್ಲ ಎಂದು ಶಿವರಂಜನಿಗೆ ಗೊತ್ತಿತ್ತು. ಮಾತು ಗಂಟಲಿನವರೆಗೂ ಬಂದು ನಿಂತಿತು. ಜ್ವರಕ್ಕೆ ಕೂತ ಹುಳದ ಹಾಗೆ ತಲೆ ಎತ್ತಿ ಫ್ಯಾನನ್ನೇ ನೋಡುತ್ತ, "ಇವತ್ತು ದಿನ ಚೆನ್ನಾಗಿಲ್ವಂತೆ, ಅಪ್ಪ ಅಂತಿದ್ರು. ಮುಂದಿನ ವಾರ ಮಾಡಣ" ಎಂದಳು. ಅಪ್ಪ ಪಂಚಾಂಗದ ಮಾತನ್ನೇ ಎತ್ತಿರಲಿಲ್ಲ. ಪಂಚಾಂಗವಿಲ್ಲದ ಮನೆಯ ದಿವ್ಯ, "ಸರಿ ಬಿಡು. ನಿಮ್ಮನೇಲಿ ನೋಡ್ತಾರಲ್ಲ" ಎಂದು ಹಾಳೆಗಳನ್ನು ಒಪ್ಪವಾಗಿ ಜೋಡಿಸಿ ಚೀಲಕ್ಕೆ ಹಾಕಿಕೊಂಡಳು.

ವಾಪಸು ಬರುವಾಗ ಬಸ್ಸು ಸೇತುವೆ ಹತ್ತಿತು. ಜನ ನದಿಗೆ ಕೈಮುಗಿದರು, ಒಬ್ಬ ಮುದುಕ ಕಿಟಕಿಯಿಂದ ನಾಣ್ಯ ಎಸೆದ. ಶಿವರಂಜನಿ ಕೈಮುಗಿಯಲು ಎತ್ತಿದ ಕೈಯಲ್ಲಿ ಫೋನಿತ್ತು. ದೊಡ್ಡ ಕಂಪನಿಯ ಪತ್ರದಲ್ಲಿ ಒಪ್ಪಿದ್ದೇನೆ ಎನ್ನುವ ಜಾಗದ ಮೇಲೆ ಬೆರಳಿಟ್ಟಳು. ಅಷ್ಟು ಸಣ್ಣ ಒತ್ತು. ಬಸ್ಸು ಸೇತುವೆ ಇಳಿಯುವುದರೊಳಗೆ ಅಭಿನಂದನೆಗಳು ಬಂದವು.

ಆ ವಾರ ಮುಗಿಯುವ ಮುಂಚೆಯೇ, ಬೆಳಿಗ್ಗೆ ಪೂಜೆಗೆ ನೀರು ತರುತ್ತಿದ್ದಾಗ, ದಿವ್ಯಳ ಸಂದೇಶಗಳು ಒಂದರ ಹಿಂದೊಂದು ಬಿದ್ದವು. 'ರಂಜು, ಡಬ್ಬಿ ಸರಿ ಇದೆ ಕಣೆ. ಕೇಳಿಸ್ಕೊಳ್ತು.' 'ಒಳಗೋಡೆ ತಟ್ಟೆ. ಕಣ್ಣಿಗೆ ಏನೂ ಕಾಣ್ತಿರಲಿಲ್ಲ, ಅವ್ವ ನಂಬಲೇ ಇಲ್ಲ. ಸಂಜೆ ಹೊತ್ತಿಗೆ ಹುಳ ಮಿರುಗೋಕೆ ಶುರುವಾಯ್ತು. ಹಾಲುತೊಂಡೆ.' 'ಅರ್ಧಕ್ಕರ್ಧ ತೆಗೆದು ಹೂತ್ವಿ. ಮಿಕ್ಕಿದ್ದು ಉಳಿದ್ರೆ ಉಳೀತು.' 'ಅವ್ವ ಸೊಪ್ಪು ಒದ್ದೆ ಇತ್ತು, ನಾನೇ ನೋಡಲಿಲ್ಲ ಅಂತ ಅಳ್ತಾ ಕೂತಿದೆ.' ಸ್ವಲ್ಪ ಹೊತ್ತು ಬಿಟ್ಟು, ಇನ್ನೊಂದು: 'ನನಗೆ ಅಳಬೇಕೋ ನಗಬೇಕೋ ಗೊತ್ತಾಗ್ತಿಲ್ಲ. ನನ್ನ ಡಬ್ಬಿಗೆ ಕಿವಿ ಇದೆ. ಹಾಗಿದ್ರೆ ನಿಮ್ಮನೇಲಿ ಯಾಕೆ ಕೇಳಿಸಲಿಲ್ಲ? ಅದನ್ನ ಎಲ್ಲಿ ಕಟ್ಟಿದ್ದೆ ರಂಜು?'

ಅವಳು ನೀರಿನ ಚೊಂಬನ್ನು ಕೆಳಗಿಟ್ಟಳು. ಹುಳದ ಮನೆಗೆ ಹೋದಳು. ನೆಲ, ತಟ್ಟೆ ತೊಳೆದಿದ್ದರು, ಗೋಡೆಗೆ ಸುಣ್ಣ ಬಳಿಯುವುದು ಇನ್ನೂ ಬಾಕಿಯಿತ್ತು. ದೇವರ ಪಟವನ್ನು ಮಾತ್ರ ಅವ್ವ ಯಾರಿಗೂ ಮುಟ್ಟಗೊಟ್ಟಿರಲಿಲ್ಲ. ಕಿಟಕಿಯ ಮೇಲೆ ಡಬ್ಬಿ ಅವಳು ಇಟ್ಟಲ್ಲೇ ಇತ್ತು. ಪಟವನ್ನು ಇಳಿಸಿ, ಮಾದಪ್ಪನ ಮುಖ ಗೋಡೆಯ ಕಡೆ ಇರುವಂತೆ ನೆಲಕ್ಕೆ ಒರಗಿಸಿದಳು. ಡಬ್ಬಿಯನ್ನು ಮೊಳೆಗೆ ತೂಗುಹಾಕಿದಳು. ಎಷ್ಟು ಸಲೀಸಾಗಿ ಕೂತಿತು ಅದು, ಅದಕ್ಕೆಂದೇ ಹೊಡೆದ ಮೊಳೆಯ ಹಾಗೆ. ಫೋಟೋ ತೆಗೆದಳು. 'ನೀನು ಹೇಳಿದ ಜಾಗದಲ್ಲೇ. ಈಗಲೂ ಹಾಗೇ ಇದೆ, ನೋಡು' ಎಂದು ಬರೆದು ಕಳಿಸಿದಳು.

ದಿವ್ಯ ನೋಡಿದ ಗುರುತು ಕೂಡಲೇ ಬಂತು. ಶಿವರಂಜನಿ ಗೋಡೆಗೆ ಒರಗಿ ಕಾದಳು. ಕೊನೆಗೆ ಬಂದದ್ದು ಇಷ್ಟೇ: 'ಸರಿ ಕಣೆ. ಹಾಗಾದ್ರೆ ತಪ್ಪು ನಂದೇ.'

ಅವಳು ತಾನು ಕಳಿಸಿದ ಫೋಟೋವನ್ನು ತೆರೆದು, ಎರಡು ಬೆರಳಿನಿಂದ ಹಿಗ್ಗಿಸಿದಳು. ಡಬ್ಬಿಯ ಸುತ್ತ, ಧೂಳು ಹಿಡಿದು ಕಂದಿದ ಗೋಡೆಯ ಮೇಲೆ, ಪಟದಳತೆಯ ಬೆಳ್ಳನೆಯ ಚೌಕ ಸ್ಪಷ್ಟವಾಗಿ ಎದ್ದು ಕಾಣುತ್ತಿತ್ತು. ವರ್ಷಗಟ್ಟಲೆ ದೇವರು ಅಲುಗಾಡದೆ ಇದ್ದ ಜಾಗ. ಅದರ ಕೆಳಗೆ ಉದುರಿದ ವಿಭೂತಿಯ ಗೆರೆ.

"ಪಟ ಯಾಕೆ ಇಳಿಸ್ದೆ ಮಗ?" ಬಾಗಿಲಲ್ಲಿ ಅವ್ವ ನಿಂತಿದ್ದಳು.

"ಧೂಳಾಗಿತ್ತು ಅವ್ವ," ಎಂದಳು ಶಿವರಂಜನಿ, ಕೂತು, ಕೊರಳ ನೀಲಿ ವೇಲಿನ ತುದಿಯಿಂದ ಪಟದ ಗಾಜನ್ನು ಒರೆಸತೊಡಗಿದಳು.